ಹೆದ್ದಾರಿಯ ಕಣ್ಣು ಮತ್ತು ನಮ್ಮ ಲೋಡಿನ ಗಾಡಿ



ಕೆಲವು ದಿನಗಳ ಹಿಂದೆ ದಂಡಿನಶಿವರದ ಕಡೆಯ ಬೆಳೆಗಾರರೊಬ್ಬರು ಮೊಬೈಲ್ ಹಿಡಿದು ಸಂಘದ ಕಚೇರಿಗೆ ಬಂದರು. ಯಾವುದೋ ದೂರದ ಹೆದ್ದಾರಿಯಲ್ಲಿ ಅವರ ಗೂಡ್ಸ್ ಗಾಡಿ ಅತಿವೇಗವಾಗಿ ಓಡಿತೆಂದು ದಂಡದ ನೋಟೀಸು ಬಂದಿತ್ತು. "ಆ ದಿನ ನನ್ನ ಗಾಡಿ ತಿಪಟೂರಿಗೆ ಕೊಬ್ಬರಿ ಹಾಕಿ ಬಂದಿದೆ ಸಾರ್, ಆ ರಸ್ತೆಯ ಮುಖವನ್ನೇ ನೋಡಿಲ್ಲ" ಎಂದರು. ನೋಟೀಸಿನ ಚಿತ್ರ ತೆರೆದು ನೋಡಿದೆವು. ಅದರಲ್ಲಿದ್ದುದು ಬಿಳಿ ಕಾರು! ಅದರ ನಂಬರಿನ 3ಕ್ಕೆ ಕೆಸರು ಮೆತ್ತಿ 8ರಂತೆ ಕಾಣುತ್ತಿತ್ತು. ಮಾರುಕಟ್ಟೆಯ ರಸೀದಿ ಲಗತ್ತಿಸಿ ತಕರಾರು ಸಲ್ಲಿಸಿದ ಮೇಲೆ ದಂಡ ರದ್ದಾಯಿತು. ಈ ಕ್ಯಾಮೆರಾಗಳು ಏನು ಮಾಡುತ್ತವೆ ಎಂಬುದನ್ನು ನಾವೆಲ್ಲರೂ ತಿಳಿದಿರುವುದು ಒಳ್ಳೆಯದೆಂದು ಅಂದೇ ಅನ್ನಿಸಿತು.

ಕ್ಯಾಮೆರಾ ಓದುವ ಬಗೆ

ನಂಬರ್ ಪ್ಲೇಟನ್ನು ಯಂತ್ರವೇ ಓದುವ ವಿದ್ಯೆ ಮೊದಲು ಹುಟ್ಟಿದ್ದು 1976ರಲ್ಲಿ, ಬ್ರಿಟನ್ನಿನ ಪೊಲೀಸರ ವೈಜ್ಞಾನಿಕ ಶಾಖೆಯಲ್ಲಿ. ವಾಹನ ಹತ್ತಿರ ಬಂದೊಡನೆ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ರಾತ್ರಿಯಾದರೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಡುತ್ತದೆ. ಪ್ಲೇಟಿನ ಹೊಳೆಯುವ ಹಾಳೆ ಆ ಬೆಳಕನ್ನು ಹಿಂದಿರುಗಿಸುತ್ತದೆ. ಗಣಕವು ಚಿತ್ರದಲ್ಲಿ ಪ್ಲೇಟಿನ ಜಾಗ ಹುಡುಕಿ, ಒಂದೊಂದೇ ಅಕ್ಷರ ಬಿಡಿಸಿ ಓದಿ, ದಿನಾಂಕ, ಸಮಯ, ಸ್ಥಳಗಳೊಡನೆ ಬರೆದಿಡುತ್ತದೆ.

ಒಂದೇ ಕ್ಯಾಮೆರಾ ಇದ್ದರೆ ಅದು ಬರೀ ಸಾಕ್ಷಿ. ಹಲವನ್ನು ಜೋಡಿಸಿದರೆ ಅದು ಜಾಲ. ಒಂದು ಕಂಬವನ್ನು 10 ಗಂಟೆಗೆ ದಾಟಿದ ಗಾಡಿ 30 ಕಿಲೋಮೀಟರ್ ಆಚೆಯ ಕಂಬವನ್ನು 10.15ಕ್ಕೆ ದಾಟಿದರೆ, ಸರಾಸರಿ ವೇಗ ಗಂಟೆಗೆ 120 ಕಿಲೋಮೀಟರ್ ಎಂದು ಲೆಕ್ಕ ತಾನೇ ಹೇಳುತ್ತದೆ. ಕಂಬದ ಬಳಿ ಮಾತ್ರ ಬ್ರೇಕ್ ಒತ್ತುವ ಚಾಲಾಕಿತನ ಇಲ್ಲಿ ನಡೆಯದು.

ನಮ್ಮ ನಾಡಿನಲ್ಲಿ

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಅಪಘಾತಗಳು ಹೆಚ್ಚಿದಾಗ, ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಆ ಬಳಿಕ ನಂಬರ್ ಓದುವ ಕ್ಯಾಮೆರಾಗಳೂ ಬಂದವು.

ಕ್ಯಾಮೆರಾ ಇಲ್ಲದ ಕಡೆಯೂ ಲೆಕ್ಕ ತಪ್ಪದು. 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಅದೇ ವರ್ಷ ಇ-ವೇ ಬಿಲ್ಲಿನ ವ್ಯವಸ್ಥೆಗೂ ಅದನ್ನು ಜೋಡಿಸಿದರು. ಅಡಿಕೆ ಸಾಗಿಸುವವರು ಇದನ್ನು ಮನಸ್ಸಿನಲ್ಲಿಡಬೇಕು. ಒಂದೇ ಬಿಲ್ಲಿನ ಮೇಲೆ ಎರಡು ಸಲ ಲೋಡ್ ಹೊಡೆದರೆ, ಟೋಲಿನ ಸಮಯವೇ ತೆರಿಗೆ ಅಧಿಕಾರಿಗೆ ಹೇಳಿಬಿಡುತ್ತದೆ. ಬಿಲ್ ಮಾಡಿದ ವರ್ತಕನ ತಪ್ಪಿಗೆ ನಮ್ಮ ಗಾಡಿ ದಾರಿಯಲ್ಲಿ ನಿಲ್ಲಬಾರದು.

ಲಾಭವೂ ಅಳುಕೂ

ಕದ್ದ ಗಾಡಿ, ಗುದ್ದಿ ಓಡಿದ ಲಾರಿ, ರಾತ್ರಿ ಅಡಿಕೆ ಮೂಟೆ ಹೇರಿಕೊಂಡು ಹೋದ ವಾಹನ, ಇವುಗಳ ಜಾಡು ಹಿಡಿಯಲು ಈ ಜಾಲ ನೆರವಾಗುತ್ತದೆ. ಆದರೆ ಯಾವ ತಪ್ಪೂ ಮಾಡದವನ ಓಡಾಟವೂ ಅದೇ ಕಡತದಲ್ಲಿ ಬೀಳುತ್ತದೆ. ಯಾರ ಲೋಡು ಯಾವ ಹೊತ್ತಿಗೆ, ಯಾವ ಮಂಡಿಗೆ ಹೊರಡುತ್ತದೆಂಬ ಸುದ್ದಿ ಕಳ್ಳನಿಗೂ ಬೇಕು, ಧಾರಣೆ ಇಳಿಸಲು ಕಾದ ದಲ್ಲಾಳಿಗೂ ಬೇಕು. ಆದ್ದರಿಂದ ಆ ಕಡತ ಯಾರ ಕೈಯಲ್ಲಿ, ಎಷ್ಟು ದಿನ ಇರಬೇಕೆಂಬ ಪ್ರಶ್ನೆ ಸಣ್ಣದಲ್ಲ.

ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಜರ್ಮನಿಯ ಸಂವಿಧಾನ ನ್ಯಾಯಾಲಯವು 2008ರಲ್ಲೇ, ಹುಡುಕುತ್ತಿರುವ ಪಟ್ಟಿಯಲ್ಲಿಲ್ಲದ ನಂಬರುಗಳನ್ನು ಕೂಡಲೇ ಅಳಿಸಬೇಕೆಂದು ಹೇಳಿತ್ತು. ಕಳ್ಳನನ್ನು ಹಿಡಿಯಬೇಕು ನಿಜ. ಅದಕ್ಕಾಗಿ ಊರಿನವರೆಲ್ಲರ ಹೆಜ್ಜೆ ಗುರುತನ್ನು ಕಾಯ್ದಿಡಬೇಕಾಗಿಲ್ಲ.

ನಾವು ಮಾಡಬೇಕಾದ್ದು

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ 167ಎ ಎಂಬ ನಿಯಮ ಸೇರಿತು. ಅದರಂತೆ ಕ್ಯಾಮೆರಾ ಇರುವ ರಸ್ತೆಯಲ್ಲಿ ಎಚ್ಚರಿಕೆಯ ಫಲಕ ಇರಬೇಕು. ಯಂತ್ರಕ್ಕೆ ಪ್ರತಿವರ್ಷ ನವೀಕರಿಸಿದ ಪ್ರಮಾಣಪತ್ರ ಬೇಕು. ತಪ್ಪು ನಡೆದ 15 ದಿನದೊಳಗೆ ನೋಟೀಸು ಕಳಿಸಬೇಕು. ನಂಬರ್ ಪ್ಲೇಟಿನ ಚಿತ್ರ, ದಿನ, ಸಮಯ, ಸ್ಥಳ ಅದರಲ್ಲಿರಬೇಕು. ಆದಕಾರಣ ದಂಡ ಕಟ್ಟುವ ಮೊದಲು ಚಿತ್ರ ನೋಡಿರಿ.

ಮಳೆಗಾಲದಲ್ಲಿ ತೋಟದಿಂದ ಹೊರಟ ಗಾಡಿಯ ನಂಬರ್ ಪ್ಲೇಟು ಒರೆಸಿಯೇ ರಸ್ತೆಗೆ ಇಳಿಸಿರಿ. 2019ರ ಏಪ್ರಿಲ್ 1ಕ್ಕೆ ಮೊದಲಿನ ಗಾಡಿಗಳಿಗೂ ಹೊಸ ಸುರಕ್ಷಿತ ಪ್ಲೇಟು ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಆಜ್ಞೆ ಮಾಡಿದೆ, ಅದನ್ನು ಮುಂದೂಡಬೇಡಿ. ಗಾಡಿ ಮಾರಿದೊಡನೆ ಆರ್.ಟಿ.ಒ. ದಾಖಲೆಯಲ್ಲಿ ಹೆಸರು ಬದಲಾಯಿಸಿರಿ. ಇಲ್ಲದಿದ್ದರೆ ಕೊಂಡವನ ದಂಡ ನಿಮ್ಮ ಮನೆಗೇ ಬರುತ್ತದೆ. ದಂಡದ ನೆಪದಲ್ಲಿ ವಾಟ್ಸಾಪಿಗೆ ಬರುವ ಕಡತವನ್ನು ಒತ್ತಬೇಡಿ. ಅದು ಬ್ಯಾಂಕಿನ ಹಣ ದೋಚುವ ಮೋಸವಿರಬಹುದು. ಸರ್ಕಾರದ ಪರಿವಾಹನ್ ಇ-ಚಲನ್ ತಾಣದಲ್ಲೇ ನೋಡಿರಿ.

ಕೊನೆಯದಾಗಿ, ತೂಕದ ಚೀಟಿ, ಮಾರುಕಟ್ಟೆ ರಸೀದಿಗಳನ್ನು ವರ್ಷವಾದರೂ ಕಟ್ಟಿಡಿ. ಯಂತ್ರ ನಮ್ಮ ಲೆಕ್ಕ ಇಡುತ್ತಿರುವಾಗ ನಮ್ಮ ಲೆಕ್ಕವೂ ನಮ್ಮ ಬಳಿ ಇರಬೇಕು. ನೋಟೀಸು ಓದಲು ತೊಡಕಾದವರು ಕಚೇರಿಗೆ ಬನ್ನಿ, ಕೂತು ನೋಡೋಣ.

— ಕಾರ್ಯದರ್ಶಿ