ಏಣಿಯೂ ಎರಡು ಕೈಗಳೂ

ಜಾತಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ನಾಲ್ಕು ಮೆಟ್ಟಿಲಿನ ಏಣಿ. ಆ ಏಣಿಯನ್ನು ಹೊತ್ತು ಬೆಂಗಳೂರಿನ ಹಳೆಯ ಪೇಟೆಯನ್ನು ಹೊಕ್ಕವನಿಗೆ ಅದನ್ನು ಊರಲು ಜಾಗವೇ ದೊರೆಯದು. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ: ಇಲ್ಲಿ ಜಾತಿಗಳು ಅಕ್ಕಪಕ್ಕದ ಬೀದಿಗಳಾಗಿ ಕುಳಿತಿವೆ. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಬರೆದಿಟ್ಟದ್ದು ಬಲಗೈ, ಎಡಗೈ ಎಂಬ ಎರಡು ಬಣಗಳ ವಿಷಯ. ಬಲಗೈಗೆ 18 ಪಣ, ಎಡಗೈಗೆ 9. ಎಡಗೈಗೆ ಪಾಂಚಾಳರು ಮುಂದಾಳುಗಳು; ಬಣಜಿಗರು ಬಲಗೈಯವರು. ಹೊಲೆಯರು ಬಲಕ್ಕೆ ಸೇರಿದರೆ ಮಾದಿಗರು ಎಡಕ್ಕೆ. ಬ್ರಾಹ್ಮಣರು ಎರಡಕ್ಕೂ ಹೊರಗೆ. ದಿಬ್ಬಣ ಯಾವ ಬೀದಿಯಲ್ಲಿ ಸಾಗಬೇಕು, ಯಾರು ಯಾವ ಬಿರುದು ಹಿಡಿಯಬೇಕು ಎಂಬುದಕ್ಕಾಗಿ ಈ ಬಣಗಳು ಹೊಡೆದಾಡುತ್ತಿದ್ದುವು. ಶಾಸ್ತ್ರಗ್ರಂಥಗಳನ್ನು ಮಾತ್ರ ಓದಿದವರಿಗೆ ಈ ಜಗಳ ಅರ್ಥವಾಗುವಂತಿಲ್ಲ.

1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ನೆಲೆಸಿ, ಅದನ್ನು ‘ರಾಂಪುರ’ವೆಂದು ಕರೆದ ಎಂ. ಎನ್. ಶ್ರೀನಿವಾಸರು ‘ಪ್ರಬಲ ಜಾತಿ’ ಎಂಬ ವಿಚಾರವನ್ನು ರೂಪಿಸಿದರು. ಮಡಿಯಲ್ಲಿ ಮೇಲಾದವನೂ ನೆಲ ಮತ್ತು ಜನಬಲವುಳ್ಳ ಒಕ್ಕಲಿಗ ಯಜಮಾನನ ಮಾತಿಗೆ ಕಾಯಬೇಕಾಗಿತ್ತು. ಆ ಸ್ಥಾನ ಉತ್ತರದ ಜಿಲ್ಲೆಗಳಲ್ಲಿ ಬಹುಮಟ್ಟಿಗೆ ಲಿಂಗಾಯತರದು, ಕರಾವಳಿಯಲ್ಲಿ ಬಂಟರದು. ತುಳುನಾಡಿನಲ್ಲಂತೂ ಅಳಿಯಸಂತಾನದ ಕಾರಣ ಮನೆತನದ ಸ್ವರೂಪವೇ ಬೇರೆ. ಅಲ್ಲಿ ಕೋಲದ ರಾತ್ರಿ ಗುತ್ತಿನ ಯಜಮಾನ ಪಂಬದನ ಅಥವಾ ನಲಿಕೆಯವನ ಮುಂದೆ ಕೈಜೋಡಿಸಿ ದೈವದ ನುಡಿ ಕೇಳುತ್ತಾನೆ. ಬೆಳಗಾದ ಮೇಲೆ ಅದೇ ನುಡಿ ಹೇಳಿದವನು ಚಾವಡಿಯ ಹೊರಗೆ ನಿಲ್ಲಬೇಕಾಗಿದ್ದ ಕಾಲವೂ ಇತ್ತು.

ಶ್ರೀನಿವಾಸರದೇ ಇನ್ನೊಂದು ಮಾತಿದೆ: ಏಣಿಯ ಎರಡು ತುದಿಗಳು ಗಟ್ಟಿ, ನಡುವಿನ ಮೆಟ್ಟಿಲುಗಳು ಮಾತ್ರ ಚರ್ಚಾಸ್ಪದ. ಪ್ರದೇಶಭೇದವೆಂದು ನಾವು ಉತ್ಸಾಹದಿಂದ ವರ್ಣಿಸುವುದೆಲ್ಲ ಈ ನಡುವಿನ ಸಂಗತಿ. ಹೊಲಗೇರಿ ಊರ ಹೊರಗೇ ಇತ್ತು, ಸೀಮೆ ಯಾವುದಾದರೇನು?

1898ರ ಪ್ಲೇಗು ಪೇಟೆಯನ್ನು ಚೆದುರಿಸಿತು. ಬಸವನಗುಡಿ, ಮಲ್ಲೇಶ್ವರಗಳು ಎದ್ದುವು. ಗಾಳಿ ಬೆಳಕಿನ ಆ ಹೊಸ ಬಡಾವಣೆಗಳಲ್ಲಿಯೂ ಕೋಮಿಗೆ ತಕ್ಕಂತೆ ನಿವೇಶನಗಳನ್ನು ವಿಂಗಡಿಸಿದ್ದರು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಮೈಸೂರು ಕಡೆಯ ಗಂಗಡಿಕಾರರು, ಕೋಲಾರದ ಮೊರಸು ಒಕ್ಕಲು, ತುಮಕೂರಿನ ಕುಂಚಿಟಿಗರು ತಂತಮ್ಮ ಸೀಮೆಗಳಲ್ಲಿ ಬೇರೆ ಬೇರೆಯಾಗಿದ್ದವರು; ನಗರದಲ್ಲಿ ಒಂದೇ ಹೆಸರಿನವರಾದರು. ನಗರ ಜಾತಿಯನ್ನು ಕರಗಿಸುತ್ತದೆಂಬ ನಮ್ಮ ನಂಬಿಕೆಗೆ ಇದು ಅಷ್ಟು ಹಿತವಾದ ಸುದ್ದಿಯಲ್ಲ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯಂತೂ ಬ್ರಾಹ್ಮಣೇತರ ಹಿಂದೂಗಳನ್ನೆಲ್ಲ, ಜಮೀನುಳ್ಳ ಗೌಡನನ್ನೂ ಅವನ ಜೀತದಾಳನ್ನೂ ‘ಹಿಂದುಳಿದವರು’ ಎಂಬ ಒಂದೇ ಮಾತಿನೊಳಗೆ ಸೇರಿಸಿತು. ಆ ಮಾತಿನ ಒಳಗಿನ ಮೇಲು-ಕೀಳುಗಳನ್ನು ವಿಸ್ತಾರವಾಗಿ ಬಿಡಿಸಿ ನೋಡುವ ಕೆಲಸ 1972ರಲ್ಲಿ ನೇಮಕಗೊಂಡ ಹಾವನೂರು ಆಯೋಗದ ಪಾಲಿಗೆ ಬಂತು.