ಹಳೆಯ ಬಳ್ಳಿಗುಲಾಬಿಯನ್ನು ಸವರುವ ಬಗೆ

ಹೆಂಚಿನ ಮಾಡಿನವರೆಗೆ ಹಬ್ಬಿದ ಹಳೆಯ ಬಳ್ಳಿಗುಲಾಬಿಯಲ್ಲಿ ಹೂಗಳೆಲ್ಲ ತುದಿಗೇ ಸೇರಿರುತ್ತವೆ. ಕೆಳಗೆ ಬರಿಯ ಮುಳ್ಳುಗೋಲು. 'ಗಿಡಕ್ಕೆ ಮುಪ್ಪಾಯಿತು' ಎಂದು ಬುಡಸಮೇತ ಕೀಳುವವರುಂಟು. ಅದು ಅವಸರದ ತೀರ್ಪು. ಎಲೆಯ ಕಂಕುಳಲ್ಲಿ ಹುಟ್ಟುವ ಚಿಗುರುಮೊಗ್ಗಿಗೆ ತೋಟಗಾರರು 'ಕಣ್ಣು' ಎನ್ನುತ್ತಾರೆ. ಆ ಬೋಳು ಕೋಲಿನಲ್ಲಿಯೂ ಅನೇಕ ಕಣ್ಣುಗಳು ನಿದ್ರಿಸುತ್ತಿರುತ್ತವೆ. ಅವನ್ನು ಏಳದಂತೆ ತಡೆದಿರುವುದು ಬಳ್ಳಿಯ ತುದಿ.

ತುದಿಯ ಎಳೆಯೆಲೆಗಳಲ್ಲಿ ಆಕ್ಸಿನ್ ಎಂಬ ದ್ರವ್ಯ ಹುಟ್ಟಿ ಕಾಂಡದೊಳಗೆ ಕೆಳಕ್ಕಿಳಿಯುತ್ತದೆ. 1933ರಲ್ಲಿ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ದ್ವಿದಳಜಾತಿಯ ಗಿಡವೊಂದರ ತುದಿಯನ್ನು ಕತ್ತರಿಸಿ, ಗಾಯದ ಮೇಲೆ ಆಕ್ಸಿನ್ ಇರಿಸಿದರು. ತುದಿಯೇ ಇಲ್ಲದಿದ್ದರೂ ಪಕ್ಕದ ಕಣ್ಣುಗಳು ಏಳಲಿಲ್ಲ. ಆಕ್ಸಿನ್ ಇಡದ ಗಿಡಗಳಲ್ಲಿ ಎದ್ದವು. ಇದಿಷ್ಟೇ ಕಾರಣವಲ್ಲ. ತುದಿ ಹೋದೊಡನೆ ಅದಕ್ಕೆ ಸಲ್ಲುತ್ತಿದ್ದ ಸಕ್ಕರೆಯು ಕೆಳಗಿನ ಕಣ್ಣುಗಳತ್ತ ಹರಿದು ಅವನ್ನು ಎಬ್ಬಿಸುವುದೆಂದು 2014ರಲ್ಲಿ ಬಟಾಣಿಯ ಮೇಲಿನ ಪ್ರಯೋಗಗಳು ತೋರಿಸಿದವು.

ಹಾಗಾದರೆ ತುದಿಯನ್ನು ಕತ್ತರಿಸಿದರೆ ಸಾಕಲ್ಲವೆ? ಸಾಲದು. ಉಳಿದವುಗಳಲ್ಲಿ ಮೇಲಿನ ಕಣ್ಣೇ ಹೊಸ ತುದಿಯಾಗಿ ಯಜಮಾನಿಕೆ ನಡೆಸುತ್ತದೆ. ಆದರೆ ಕೋಲನ್ನು ಬಾಗಿಸಿ ನೆಲಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ಕಟ್ಟಿದರೆ ಆ ಹಿಡಿತ ಸಡಿಲುತ್ತದೆ; ಉದ್ದಕ್ಕೂ ಕಣ್ಣುಗಳೆದ್ದು ಹೂರೆಂಬೆಗಳಾಗುತ್ತವೆ. ಗುರುತ್ವವನ್ನು ಬೀಳುವ ಕಲ್ಲಿನ ಪಾಠದಲ್ಲಿ ಮಾತ್ರ ಕಂಡ ವಿದ್ಯಾರ್ಥಿಗಳಿಗೆ ಇದೊಂದು ಸೋಜಿಗವೇ ಸರಿ.

ಮುದಿ ಕೋಲು ಬಾಗದು, ಮುರಿಯುತ್ತದೆ. ಬಾಗುವುದು ಎಳೆಯ ಕೋಲು. ಆದುದರಿಂದ ಪ್ರತಿವರ್ಷ ಅತಿ ಹಳೆಯ ಕೋಲುಗಳಲ್ಲಿ ಮೂರರಲ್ಲೊಂದು ಪಾಲನ್ನು ಮಾತ್ರ ಬುಡದಲ್ಲಿ ಕಡಿದು, ಹೊಸತು ಬಂದಂತೆ ಬಾಗಿಸಿ ಕಟ್ಟಬೇಕು. ಎಲ್ಲವನ್ನೂ ಒಮ್ಮೆಗೇ ಕಡಿದರೆ ಆ ವರ್ಷದ ಹೂವು ಹೋಯಿತು. ಎಲೆಯಿಲ್ಲದ ಮುದಿಬೇರು ಸಾಯಲೂಬಹುದು. ಉಳಿದ ಕೋಲುಗಳ ಪಕ್ಕದ ರೆಂಬೆಗಳನ್ನು ಎರಡು ಮೂರು ಕಣ್ಣು ಬಿಟ್ಟು ಸವರಿದರಾಯಿತು.

ಇಂಗ್ಲಿಷ್ ಪುಸ್ತಕಗಳು ಚಳಿಗಾಲದ ಕೊನೆಯಲ್ಲಿ ಸವರಲು ಹೇಳುತ್ತವೆ. ಮಂಗಳೂರಿನ ಬೋಳಾರದಂತಹ ನೇತ್ರಾವತಿಯ ದಡದ ಊರಿಗೆ ಅಂತಹ ಚಳಿಗಾಲವೇ ಇಲ್ಲ. ಇಲ್ಲಿ ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಕಡಿದರೆ ಒದ್ದೆ ಗಾಯದಲ್ಲಿ ಬೂಷ್ಟು ಸೇರಿ ಕೋಲು ಮೇಲಿನಿಂದ ಕೆಳಕ್ಕೆ ಕಪ್ಪಾಗಿ ಒಣಗುತ್ತದೆ. ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನಲ್ಲಿ, ಹರಿತವಾದ ಕತ್ತರಿಯಿಂದ ಕಣ್ಣಿನ ಮೇಲೆ ಅರ್ಧ ಸೆಂಟಿಮೀಟರಿನಷ್ಟು ಬಿಟ್ಟು ಓರೆಯಾಗಿ ಕತ್ತರಿಸುವುದು ಲೇಸು. ವರ್ಷಕ್ಕೊಮ್ಮೆ ಮಾತ್ರ ಹೂಬಿಡುವ ಜಾತಿಯಾದರೆ ಹೂವು ಮುಗಿಯುವವರೆಗೆ ಕಾಯಬೇಕು. ಅದು ಹಿಂದಿನ ವರ್ಷದ ಕೋಲಿನಲ್ಲಿ ಹೂಬಿಡುತ್ತದೆ.

ಕಸಿಗಂಟಿನ ಕೆಳಗಿನಿಂದ ಚಿಗುರಿದ ಕೋಲನ್ನು ಮಾತ್ರ ಬುಡದಿಂದಲೇ ಕಿತ್ತುಬಿಡಬೇಕು. ಅದು ನೆಟ್ಟ ಗುಲಾಬಿಯಲ್ಲ, ಅದನ್ನು ಹೊತ್ತ ಬೇರುಗಿಡ.