ಘಟ್ಟದ ದಾರಿಗೆ ಎಂಥ ಹ್ಯಾಮ್ ರೇಡಿಯೋ?

ಎನ್.ಆರ್. ಕಾಲೋನಿಯಿಂದ ಜೀಪಿನಲ್ಲಿ ಹೊರಟು ಆಗುಂಬೆ ಸೇರಿದ್ದೀರಿ ಎಂದಿಟ್ಟುಕೊಳ್ಳಿ. ಮರುದಿನ ಕಾಡಂಚಿನ ಮಣ್ಣುದಾರಿಯಲ್ಲಿ ಗಾಡಿ ಕೆಸರಿನಲ್ಲಿ ಹೂತುಹೋಯಿತು. ಜೊತೆಯವರೊಬ್ಬರ ಕಾಲು ಮುರಿಯಿತು. ಮೊಬೈಲ್‌ಗೆ ಸಿಗ್ನಲ್ ಇಲ್ಲ. ಕಾಲೋನಿಯಲ್ಲಿ ನಿಮ್ಮ ಹ್ಯಾಮ್ ಗೆಳೆಯರು ರೇಡಿಯೋ ಮುಂದೆ ಕುಳಿತಿದ್ದಾರೆ. ನಿಮ್ಮ ಕರೆ ಅವರಿಗೆ ಕೇಳಿಸೀತೇ?

ಕೈಯಲ್ಲಿ ಹಿಡಿಯುವ ವಿಎಚ್ಎಫ್ ರೇಡಿಯೋ ಇಲ್ಲಿ ನೆರವಾಗದು. ಅದರ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಗುಡ್ಡಗಳು ಅಡ್ಡವಾಗುತ್ತವೆ. 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಎಚ್ಎಫ್ ಅಲೆಗಳನ್ನು ಅಯಾನುಗೋಳವು ಮತ್ತೆ ನೆಲಕ್ಕೆ ಬಾಗಿಸಬಲ್ಲದು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಹವ್ಯಾಸಿ ಪ್ರಸಾರಕ್ಕೆಂದು ಅಂದಿನ ಪೋರ್ಟ್‌ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಎಚ್ಎಫ್ ರೇಡಿಯೋದಿಂದಲೇ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದರು.

ಹಾಗೆಂದು ಯಾವ ಎಚ್ಎಫ್ ರೇಡಿಯೋ ಆದರೂ ಸಾಕೆನ್ನಬೇಡಿ. ಆಗುಂಬೆಯಿಂದ ಬೆಂಗಳೂರು ನೇರ ಅಳತೆಯಲ್ಲಿ ಸುಮಾರು 275 ಕಿ.ಮೀ. 14 ಮೆಗಾಹರ್ಟ್ಸ್ ಅಲೆ ಸಾಮಾನ್ಯವಾಗಿ ಬೆಂಗಳೂರಿನ ತಲೆಯ ಮೇಲೆ ಹಾದು ದೂರದಲ್ಲಿ ಇಳಿಯುತ್ತದೆ. ದೆಹಲಿಯವರಿಗೆ ಕೇಳಿಸಿದ ನಿಮ್ಮ ದನಿ ಎನ್.ಆರ್. ಕಾಲೋನಿಗೆ ಕೇಳಿಸದೆ ಹೋಗಬಹುದು! ಹತ್ತಿರದ ಊರಿಗೆ ಅಲೆಯನ್ನು ಬಹುಮಟ್ಟಿಗೆ ನೆತ್ತಿಯತ್ತ ಕಳಿಸಿ, ಕಾರಂಜಿಯ ನೀರಿನಂತೆ ಸುತ್ತಲೂ ಇಳಿಯುವಂತೆ ಮಾಡಬೇಕು. ಇದಕ್ಕೆ ಹಗಲಿನಲ್ಲಿ 7 ಮೆಗಾಹರ್ಟ್ಸ್ ಒಪ್ಪುತ್ತದೆ. ರಾತ್ರಿ ಕಳೆದಂತೆ ಅಯಾನುಗೋಳ ತೆಳುವಾಗುವುದರಿಂದ 3.5 ಮೆಗಾಹರ್ಟ್ಸ್ ಪಟ್ಟಿಗೆ ಇಳಿಯಬೇಕಾಗಬಹುದು. ಆದ್ದರಿಂದ ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಈ ಎರಡೂ ಪಟ್ಟಿಗಳು ರೇಡಿಯೋದಲ್ಲಿವೆಯೇ?

ಎರಡನೆಯದು ಆಂಟೆನಾ. ಗಾಡಿಯ ಮೇಲೆ ನೆಟ್ಟ ಎರಡೂವರೆ ಮೀಟರ್ ಕಡ್ಡಿ ಓಡುವಾಗ ಅನುಕೂಲ. ಆದರೆ ಅದು ನೆತ್ತಿಯತ್ತ ಅಲೆ ಕಳಿಸುವುದು ತೀರಾ ಕಡಿಮೆ. ಮೇಲಾಗಿ 7 ಮೆಗಾಹರ್ಟ್ಸ್‌ಗೆ ಅದು ಬಹಳ ಗಿಡ್ಡ. ಕೊಟ್ಟ ಶಕ್ತಿಯ ಬಹುಪಾಲು ಸುರುಳಿಯಲ್ಲಿ, ನೆಲದಲ್ಲಿ ಬಿಸಿಯಾಗಿ ಪೋಲಾಗುತ್ತದೆ. ಗಾಡಿ ನಿಲ್ಲಿಸಿ ತಂತಿಯ ಡೈಪೋಲ್ ಕಟ್ಟಿ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20 ಮೀಟರ್, ಅಂದರೆ ಎರಡೂ ಬದಿಗೆ ಹತ್ತತ್ತು. ನೆಲದಿಂದ ಮೂರು ನಾಲ್ಕು ಮೀಟರ್ ಎತ್ತರ ಸಾಕು. ಎರಡು ಮರಗಳೇ ಕಂಬಗಳಾದಾವು. ತಂತಿ, ಕೇಬಲ್ ಎಸ್.ಪಿ. ರಸ್ತೆಯಲ್ಲಿ ದೊರೆಯುತ್ತವೆ.

ಇನ್ನು ಶಕ್ತಿ ಎಷ್ಟಿರಬೇಕು? 10 ವ್ಯಾಟ್‌ನಿಂದ 100 ವ್ಯಾಟ್‌ಗೆ ಏರಿದರೆ ಗಳಿಕೆ 10 ಡೆಸಿಬೆಲ್. ಕೇಳುವವರ ಎಸ್-ಮೀಟರಿನಲ್ಲಿ ಇದು ಎರಡು ಅಂಕಕ್ಕಿಂತ ಕಡಿಮೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಮಾದರಿಯ ರೇಡಿಯೋಗಳು ಕೆಲವೇ ವ್ಯಾಟ್‌ಗಳಲ್ಲಿ ನೂರಾರು ಕಿಲೋಮೀಟರ್ ಮಾತನಾಡಿಸುತ್ತವೆ. ಆದರೆ ಇನ್ನೊಂದು ತುದಿಯನ್ನೂ ನೆನೆಯಿರಿ. ಕಾಲೋನಿಯಲ್ಲಿ ಎಲ್ಇಡಿ ದೀಪ, ಚಾರ್ಜರ್, ಯುಪಿಎಸ್‌ಗಳ ಗೊರಗೊರ ಸದ್ದಿನಲ್ಲಿ ಕ್ಷೀಣ ದನಿ ಮುಳುಗಿಹೋದೀತು. ಎರಡು ಅಂಕಗಳ ಬೆಲೆ ಅಲ್ಲಿ ತಿಳಿಯುತ್ತದೆ. ಆಪತ್ತಿಗೆಂದೇ ಒಯ್ಯುವುದಾದರೆ 100 ವ್ಯಾಟ್‌ನದು ಲೇಸು. ಮುಂಫಲಕ ಬಿಡಿಸಿ ಡ್ಯಾಷ್‌ಬೋರ್ಡಿಗೆ, ಉಳಿದ ಪೆಟ್ಟಿಗೆಯನ್ನು ಸೀಟಿನಡಿಗೆ ಕೂರಿಸುವಂತಿದ್ದರೆ ಇನ್ನೂ ಒಳ್ಳೆಯದು.

100 ವ್ಯಾಟ್‌ನ ರೇಡಿಯೋ ಮಾತನಾಡುವಾಗ 20 ಆಂಪಿಯರ್‌ವರೆಗೆ ಎಳೆಯುತ್ತದೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಇದು ಹೊರೆ. ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆದು, ಬ್ಯಾಟರಿಯ ಬಳಿಯೇ ಫ್ಯೂಸ್ ಹಾಕಿಸಿ. ಎಂಜಿನ್ ನಿಲ್ಲಿಸಿ ಬಹಳ ಹೊತ್ತು ಮಾತನಾಡಿದರೆ ಗಾಡಿಯೇ ಸ್ಟಾರ್ಟ್ ಆಗದು. ಅಗತ್ಯವಿದ್ದಾಗ ಶಕ್ತಿಯನ್ನು 10 ವ್ಯಾಟ್‌ಗೆ ಇಳಿಸುವ ಸೌಲಭ್ಯ ಇರಲಿ.

ಹ್ಯಾಮ್ ರೇಡಿಯೋಗೆ ಭಾರತ ಸರ್ಕಾರದ ಪರವಾನಗಿ ಬೇಕು; ಅದಕ್ಕೆ ಪರೀಕ್ಷೆ ಉಂಟು. ವಾಹನದಿಂದ ಪ್ರಸಾರ ಮಾಡಲು ನಿಮ್ಮ ಪರವಾನಗಿಯಲ್ಲಿ ಅವಕಾಶವಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಕೊಂಡ ರೇಡಿಯೋವನ್ನು ನೇರ ಘಟ್ಟಕ್ಕೆ ಒಯ್ಯಬೇಡಿ. ಒಂದು ಭಾನುವಾರ ಹಾಸನದ ಕಡೆ ಹೋಗಿ ತಂತಿ ಕಟ್ಟಿ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಗೆಳೆಯರನ್ನು ಕರೆದು ನೋಡಿ. ಯಾವ ಹೊತ್ತಿಗೆ ಯಾವ ಪಟ್ಟಿಯಲ್ಲಿ ಕೇಳಿಸಿತೆಂದು ಬರೆದಿಡಿ. ಗಂಟೆಗೊಮ್ಮೆ ಯಾವ ಆವೃತ್ತಿಯಲ್ಲಿ ಕಿವಿಗೊಡಬೇಕೆಂದು ಗೆಳೆಯರೊಂದಿಗೆ ಮಾತಾಡಿಕೊಂಡೇ ಪ್ರಯಾಣ ಹೊರಡಿ. ಕೇಳಲು ಅತ್ತ ಯಾರೂ ಇಲ್ಲದಿದ್ದರೆ ಎಷ್ಟು ವ್ಯಾಟ್ ಇದ್ದರೂ ಏನು ಫಲ?